ಅಡಿಕೆ ಮಂಡಿಗೆ ಬರೆದ ಸಾಫ್ಟ್‌ವೇರ್: ನೌಕರಿ ಬಿಟ್ಟು ಇದನ್ನೇ ಉದ್ಯಮವಾಗಿಸಬಹುದೇ?

ಮಲೆನಾಡಿನ ಗಣಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ವಿವರವಿಲ್ಲದೆ ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗಲಾರದು ಎಂಬ ಕಾರಣಕ್ಕೆ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ನಾನು 2016ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯಲ್ಲಿರುವ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಇ. ಮುಗಿಸಿದೆ. ಮೊದಲ ನಾಲ್ಕು ವರ್ಷ ಬೆಂಗಳೂರಿನ ದೊಡ್ಡ ಸೇವಾ ಕಂಪನಿಯೊಂದರಲ್ಲಿ, ವಿದೇಶಿ ಬ್ಯಾಂಕಿನ ಹಳೆಯ ತಂತ್ರಾಂಶವನ್ನು ನೋಡಿಕೊಳ್ಳುವ ತಂಡದಲ್ಲಿದ್ದೆ. ಆಮೇಲೆ ಹಣ ಪಾವತಿಯ ಆ್ಯಪ್ ತಯಾರಿಸುವ ಸಣ್ಣ ಕಂಪನಿಗೆ ಸೇರಿ ಈಗ ಅಲ್ಲಿ ಹಿರಿಯ ಡೆವಲಪರ್ ಆಗಿದ್ದೇನೆ. ನಮ್ಮೂರು ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ಮನೆಯಲ್ಲಿ ಎರಡೂವರೆ ಎಕರೆ ಅಡಿಕೆ ತೋಟವಿದೆ. ಸೋದರಮಾವ ಶಿವಮೊಗ್ಗದ ಎ.ಪಿ.ಎಂ.ಸಿ. (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ) ಯಾರ್ಡಿನಲ್ಲಿ ಅಡಿಕೆ ಮಂಡಿ ನಡೆಸುತ್ತಾರೆ.

ಮಂಡಿಯ ವ್ಯವಹಾರ ತಿಳಿಯದವರಿಗಾಗಿ ಎರಡು ಮಾತು. ರೈತರು ಚೀಲಗಳಲ್ಲಿ ಅಡಿಕೆ ತಂದು ಇಳಿಸುತ್ತಾರೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬಗೆಯ ಪ್ರಕಾರ ಲಾಟ್ ಆಗುತ್ತದೆ. ಟೆಂಡರ್ ಮತ್ತು ತೂಕ ಮುಗಿದ ಮೇಲೆ ರೈತರ ಕೈಗೆ ಲೆಕ್ಕದ ಪಟ್ಟಿ ಬರುತ್ತದೆ. ಇಷ್ಟೇ ಆಗಿದ್ದರೆ ಯಾವ ತಂತ್ರಾಂಶವಾದರೂ ಸಾಕಾಗುತ್ತಿತ್ತು. ಆದರೆ ಮಳೆಗಾಲದಲ್ಲಿ ಮೈಲುತುತ್ತಕ್ಕೆ, ಗೊಬ್ಬರಕ್ಕೆ, ಮಕ್ಕಳ ಕಾಲೇಜು ಶುಲ್ಕಕ್ಕೆ ರೈತರು ಮಂಡಿಯಿಂದ ಮುಂಗಡ ಪಡೆದಿರುತ್ತಾರೆ. ಒಬ್ಬೊಬ್ಬರು ಆರೇಳು ಬಾರಿ, ಬೇರೆ ಬೇರೆ ದಿನಾಂಕಗಳಲ್ಲಿ. ಅಡಿಕೆ ಬಂದಾಗ ಪ್ರತಿಯೊಂದು ಮೊತ್ತಕ್ಕೂ ಅದರದರ ದಿನದಿಂದ ಬಡ್ಡಿ ಹಾಕಿ, ಕಳೆದು, ಉಳಿದುದನ್ನು ಕೊಡಬೇಕು. ಈ ಖಾತೆಗಳನ್ನೆಲ್ಲ ಮೂವತ್ತು ವರ್ಷ ಬರೆದಿದ್ದ ಗುಮಾಸ್ತರು ಎರಡು ವರ್ಷಗಳ ಹಿಂದೆ ವಯಸ್ಸಾಯಿತೆಂದು ಕೆಲಸ ಬಿಟ್ಟಾಗ ಮಾವನವರು ನಿಜಕ್ಕೂ ಕಂಗಾಲಾದರು. ಅವರಿಗಾಗಿ ನಾನು ಶನಿವಾರ, ಭಾನುವಾರಗಳಲ್ಲಿ ಕುಳಿತು ಒಂದು ಪ್ರೋಗ್ರಾಂ ಬರೆದೆ. ಕಳೆದ ಹದಿನಾಲ್ಕು ತಿಂಗಳಿಂದ ಮಂಡಿಯ ಕೀರ್ದಿ (ದಿನದ ಲೆಕ್ಕ), ಖತಾವಣಿ (ಖಾತೆವಾರು ಲೆಕ್ಕ), ಪಟ್ಟಿ ಎಲ್ಲವೂ ಅದರಲ್ಲಿಯೇ ನಡೆಯುತ್ತಿವೆ.

ಈಗ ಅದೇ ಸಾಲಿನ ಮೂರು ಮಂಡಿಯವರು ತಮಗೂ ಬೇಕೆಂದು ಕೇಳಿದ್ದಾರೆ. ನನ್ನ ಮನಸ್ಸು ಪೂರ್ತಿಯಾಗಿ ಇದರಲ್ಲಿಯೇ ಇದೆ. ನೌಕರಿ ಬಿಡಬೇಕೇ, ಬಿಡುವುದಾದರೆ ಯಾವಾಗ? ಕಾಲೇಜಿನ ಗೆಳೆಯನೊಬ್ಬ ಜೊತೆಗೂಡುತ್ತೇನೆ, ಅರ್ಧ ಪಾಲು ಕೊಡು ಎನ್ನುತ್ತಿದ್ದಾನೆ, ಕೊಡಬಹುದೇ? ಯಾವ ಬಗೆಯ ಸಂಸ್ಥೆ ನೋಂದಾಯಿಸಬೇಕು? ಮುಖ್ಯವಾಗಿ, ಇಷ್ಟು ಸಣ್ಣ ಮಾರುಕಟ್ಟೆಯಲ್ಲಿ ಒಂದು ಸಂಸಾರವೂ ಒಂದು ಕಂಪನಿಯೂ ಬದುಕಲು ಸಾಧ್ಯವೇ? ಹೆಂಡತಿ ಶಾಲಾ ಶಿಕ್ಷಕಿ, ಮೂರು ವರ್ಷದ ಮಗಳಿದ್ದಾಳೆ, ಸಾಲವೇನೂ ಇಲ್ಲ. ಇನ್ಫೊಸಿಸ್, ಫ್ಲಿಪ್‌ಕಾರ್ಟ್‌ಗಳ ಕಥೆಗಳನ್ನು ನಾನೂ ಓದಿದ್ದೇನೆ, ಆದರೆ ಅವುಗಳಿಂದ ನನ್ನಂಥವನು ಏನನ್ನು ತೆಗೆದುಕೊಳ್ಳಬೇಕೆಂಬುದು ತಿಳಿಯುತ್ತಿಲ್ಲ. ಈ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ.

ಪಿಗ್ಮಿ ಲೆಕ್ಕ, ಹುಬ್ಬಳ್ಳಿ (ಉತ್ತರ)

ನಿಮ್ಮ ಬರಹವನ್ನು ಎರಡು ಸಲ ಓದಿದೆ. ನಾನು 2003ರ ಕಂಪ್ಯೂಟರ್ ಸೈನ್ಸ್ ಪದವೀಧರ. ಆರು ವರ್ಷ ಬೆಂಗಳೂರಿನಲ್ಲಿ ದುಡಿದು, 2009ರಲ್ಲಿ ಹುಬ್ಬಳ್ಳಿಗೆ ಹಿಂದಿರುಗಿ, ಪತ್ತಿನ ಸಹಕಾರಿ ಸಂಘಗಳಿಗೆ ತಂತ್ರಾಂಶ ಮಾಡಿಕೊಡುವ ಸಣ್ಣ ಕಂಪನಿ ಕಟ್ಟಿದ್ದೇನೆ. ಇಂದು ಒಂಬತ್ತು ಜನ ಕೆಲಸಗಾರರಿದ್ದಾರೆ. ಪಿಗ್ಮಿ ಠೇವಣಿ ನಮ್ಮ ಮುಖ್ಯ ವಿಷಯ. 1928ರಲ್ಲಿ ಕರಾವಳಿಯ ಸಿಂಡಿಕೇಟ್ ಬ್ಯಾಂಕಿನವರು ಆರಂಭಿಸಿದ ಈ ಪದ್ಧತಿ ಇಂದಿಗೂ ನಮ್ಮ ಪೇಟೆಗಳಲ್ಲಿ ಜೀವಂತವಾಗಿದೆ. ಏಜೆಂಟರು ಪ್ರತಿದಿನ ಅಂಗಡಿಯಿಂದ ಅಂಗಡಿಗೆ ಹೋಗಿ ಇಪ್ಪತ್ತು, ಐವತ್ತು, ನೂರು ರೂಪಾಯಿ ಸಂಗ್ರಹಿಸುತ್ತಾರೆ. ನಿಮ್ಮ ಮಂಡಿಯ ಮುಂಗಡಕ್ಕೂ ನಮ್ಮ ಪಿಗ್ಮಿಗೂ ಸಾಮ್ಯವಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಮೊದಲನೆಯದಾಗಿ, ನಿಮ್ಮ ಸೋದರಮಾವನವರು ನಿಮ್ಮ ಗ್ರಾಹಕರಲ್ಲ. ಅವರು ತಪ್ಪುಗಳನ್ನು ಸಹಿಸುತ್ತಾರೆ, ರಾತ್ರಿ ಹತ್ತಕ್ಕೆ ಫೋನ್ ಮಾಡಿ ಪ್ರೀತಿಯಿಂದಲೇ ಕೇಳುತ್ತಾರೆ, ದುಡ್ಡಿನ ಮಾತು ಬರುವುದಿಲ್ಲ. ಅವರ ಮಂಡಿಯಲ್ಲಿ ಹದಿನಾಲ್ಕು ತಿಂಗಳು ನಡೆದಿದೆ ಎಂಬುದರಿಂದ ತಂತ್ರಾಂಶ ಕೆಲಸ ಮಾಡುತ್ತದೆ ಎಂದಷ್ಟೇ ಸಿದ್ಧವಾಗುತ್ತದೆ. ಯಾರಾದರೂ ಕೊಳ್ಳುತ್ತಾರೆ ಎಂಬುದು ಸಿದ್ಧವಾಗುವುದಿಲ್ಲ. ಸಂಬಂಧವಿಲ್ಲದ ಒಬ್ಬ ಮಂಡಿ ಮಾಲೀಕರು ಒಂದು ವರ್ಷದ ಹಣವನ್ನು ಮುಂಗಡವಾಗಿ ಕೊಟ್ಟ ದಿನ ನಿಮ್ಮ ಉದ್ಯಮ ಆರಂಭವಾಯಿತೆಂದು ತಿಳಿಯಿರಿ. ಅಂಥ ಮೂವರು ಸಿಗುವವರೆಗೆ ರಾಜೀನಾಮೆ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನಾನು ಕಾಲೇಜಿನಲ್ಲಿ ಕಲಿತದ್ದು ಎಲ್ಲಿ ನೆರವಿಗೆ ಬಂತು, ಎಲ್ಲಿ ಬರಲಿಲ್ಲ ಎಂಬುದನ್ನು ಒಂದು ಘಟನೆಯಿಂದ ಹೇಳುತ್ತೇನೆ. ನಮ್ಮ ಮೊದಲ ಆವೃತ್ತಿಯಲ್ಲಿ ಹಣದ ಮೊತ್ತಗಳನ್ನು ನಾನು ಫ್ಲೋಟ್ ಸಂಖ್ಯೆಗಳಾಗಿ, ಅಂದರೆ ಕಂಪ್ಯೂಟರ್ ಅಂದಾಜಿನಲ್ಲಿ ಹಿಡಿದಿಡುವ ದಶಮಾಂಶ ಸಂಖ್ಯೆಗಳಾಗಿ ಸಂಗ್ರಹಿಸಿದ್ದೆ. ಹತ್ತು ಪೈಸೆಯನ್ನು, ಅಂದರೆ 0.1 ರೂಪಾಯಿಯನ್ನು, ಬೈನರಿಯಲ್ಲಿ (ಕಂಪ್ಯೂಟರಿನ 0, 1ರ ಬರಹದಲ್ಲಿ) ಕರಾರುವಾಕ್ಕಾಗಿ ಬರೆಯಲು ಬರುವುದಿಲ್ಲ ಎಂಬುದನ್ನು ಪರೀಕ್ಷೆಗೆ ಓದಿ ಅಂಕ ಪಡೆದಿದ್ದವನೇ ನಾನು. ಆದರೂ ಆ ತಪ್ಪು ಮಾಡಿದೆ. ಮಾರ್ಚ್ 31ರ ರಾತ್ರಿ ವರ್ಷಾಂತ್ಯದ ಬಡ್ಡಿ ಹಾಕಿದಾಗ ಖಾತೆಗಳ ಮೊತ್ತಕ್ಕೂ ಖತಾವಣಿಯ ಮೊತ್ತಕ್ಕೂ 41 ರೂಪಾಯಿ ವ್ಯತ್ಯಾಸ ಬಂತು. ಸಂಘದ ಕಾರ್ಯದರ್ಶಿಗಳು ಆ 41 ರೂಪಾಯಿಯನ್ನು ತಮ್ಮ ಕೈಯಿಂದ ಹಾಕಿ ಮುಗಿಸಲು ಒಪ್ಪಲಿಲ್ಲ, ಅವರು ಒಪ್ಪದಿದ್ದದ್ದೇ ಸರಿ. ಮೂರು ರಾತ್ರಿ ಕುಳಿತು ಪ್ರತಿ ಖಾತೆಯನ್ನೂ ಕೈಲೆಕ್ಕದಿಂದ ಪರಿಶೀಲಿಸಿದೆವು. ಅಂದಿನಿಂದ ಎಲ್ಲ ಮೊತ್ತಗಳನ್ನೂ ಪೈಸೆಯಲ್ಲಿ ಪೂರ್ಣಾಂಕವಾಗಿ ಇಡುತ್ತೇವೆ, ಚಿಲ್ಲರೆಯನ್ನು ಹತ್ತಿರದ ಪೂರ್ಣ ಮೊತ್ತಕ್ಕೆ ತರುವ (ರೌಂಡಿಂಗ್) ನಿಯಮವನ್ನು ಆಯಾ ಸಂಘದ ಉಪವಿಧಿಯ ಪ್ರಕಾರ ಬರೆದು ಸಹಿ ಹಾಕಿಸಿಕೊಳ್ಳುತ್ತೇವೆ. ಪದವಿ ನನಗೆ ಕಾರಣವನ್ನು ಕಲಿಸಿತ್ತು. ಆ ಕಾರಣಕ್ಕೆ ಎಷ್ಟು ಬೆಲೆ ಇದೆ ಎಂಬುದನ್ನು ಆ ಕಾರ್ಯದರ್ಶಿಗಳು ಕಲಿಸಿದರು. ನಿಮ್ಮ ಪ್ರೋಗ್ರಾಂ ಬಡ್ಡಿ ಹಾಕುವಂಥದ್ದಾದ್ದರಿಂದ ಇದನ್ನು ಈ ವಾರವೇ ಪರಿಶೀಲಿಸಿ.

ಕನ್ನಡದ ವಿಷಯ ಇನ್ನೂ ದೊಡ್ಡದು. ಹಳೆಯ ಕಡತಗಳು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್ ಸಂಕೇತಗಳಲ್ಲಿರುತ್ತವೆ. ಅವನ್ನು ಯೂನಿಕೋಡ್‌ಗೆ ತರುವಾಗ ಒತ್ತಕ್ಷರಗಳೂ ಅರ್ಕಾವತ್ತೂ ಸ್ಥಾನ ಬದಲಿಸುತ್ತವೆ. ಸಿದ್ದಪ್ಪ ಮತ್ತು ಸಿದ್ಧಪ್ಪ ಎಂದು ಒಬ್ಬರೇ ಸದಸ್ಯರಿಗೆ ಎರಡು ಖಾತೆಗಳು ಹುಟ್ಟಿಕೊಳ್ಳುತ್ತವೆ. ನಿಮ್ಮಲ್ಲಿ ಒಂದೇ ಊರಿನ ನಾಲ್ವರು ಮಂಜಪ್ಪಗಳು ಖಂಡಿತ ಇರುತ್ತಾರೆ. ಅವರನ್ನು ಬೇರ್ಪಡಿಸಲು ತಂದೆಯ ಹೆಸರು, ಮನೆತನದ ಹೆಸರು, ಮೊಬೈಲ್ ಸಂಖ್ಯೆ ಮೂರೂ ಬೇಕು. ರೈತರಿಗೆ ಕನ್ನಡದಲ್ಲಿ ಎಸ್.ಎಂ.ಎಸ್. ಕಳುಹಿಸುವ ಯೋಚನೆಯಿದ್ದರೆ, ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರಗಳಿದ್ದರೆ ಕನ್ನಡದಲ್ಲಿ 70 ಮಾತ್ರ ಎಂಬುದನ್ನು ನೆನಪಿಡಿ. ಅದರಲ್ಲಿಯೂ ಸ್ವರಚಿಹ್ನೆ, ಒತ್ತು ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. ಒಂದು ಸಂದೇಶವೆಂದುಕೊಂಡದ್ದಕ್ಕೆ ಮೂರರ ದುಡ್ಡು ಹೋಗುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮಗಳ ಪ್ರಕಾರ ಕಳುಹಿಸುವವರ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕಾಗುತ್ತದೆ. ಇವೆಲ್ಲ ದೊಡ್ಡ ಕಂಪನಿಗಳು ಮಲೆನಾಡಿನ ಮಂಡಿಗಾಗಿ ಎಂದೂ ಮಾಡದ ಕೆಲಸಗಳು. ನೀವು ಬದುಕುವುದಾದರೆ ಇವುಗಳಿಂದಲೇ ಬದುಕುತ್ತೀರಿ.

ಬೆಲೆಯ ಬಗ್ಗೆ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಮೊದಲ ನಾಲ್ಕು ವರ್ಷ ನಾನು ಒಂದೇ ಸಲ ಹಣ ಪಡೆದು ಮಾರಿದೆ, ಸೇವೆ ಉಚಿತ ಎಂದೆ. ಅರವತ್ತು ಸಂಘಗಳಾದಾಗ ದಿನವಿಡೀ ಹಳೆಯ ಗ್ರಾಹಕರ ಫೋನುಗಳಿಗೆ ಉತ್ತರಿಸುತ್ತಿದ್ದೆ, ಸಂಬಳ ಕೊಡಲು ಮಾತ್ರ ಹೊಸ ಗ್ರಾಹಕರನ್ನು ಹುಡುಕಬೇಕಾಗಿತ್ತು. ವಾರ್ಷಿಕ ಶುಲ್ಕ ಆರಂಭಿಸಿದಾಗ ಹನ್ನೊಂದು ಸಂಘಗಳು ಬಿಟ್ಟುಹೋದವು, ನಲವತ್ತೊಂಬತ್ತು ಉಳಿದವು, ಆ ನಲವತ್ತೊಂಬತ್ತರಿಂದಲೇ ಕಂಪನಿ ನಿಂತಿತು. ಸೇವೆಯೇ ನೀವು ಮಾರುವ ವಸ್ತು ಎಂದು ಮೊದಲ ದಿನವೇ ಹೇಳಿಬಿಡಿ.

ಮಾರುಕಟ್ಟೆಯ ಗಾತ್ರವನ್ನು ಊಹಿಸುತ್ತ ಕೂರಬೇಡಿ. ಎ.ಪಿ.ಎಂ.ಸಿ. ಕಚೇರಿಗೆ ಹೋದರೆ ಲೈಸೆನ್ಸ್ ಪಡೆದ ದಲ್ಲಾಳಿಗಳ, ಅಂದರೆ ಮಂಡಿಯವರ, ಸಂಖ್ಯೆ ತಿಳಿಯುತ್ತದೆ. ಶಿವಮೊಗ್ಗ, ಸಾಗರ, ಶಿರಸಿ, ಸಿದ್ದಾಪುರ, ಯಲ್ಲಾಪುರ, ಚನ್ನಗಿರಿ, ಭೀಮಸಮುದ್ರ ಎಂದು ಊರು ಊರಾಗಿ ಎಣಿಸಿ. ಉದಾಹರಣೆಗೆ 150 ಮಂಡಿಗಳು ವರ್ಷಕ್ಕೆ 18,000 ರೂಪಾಯಿಯಂತೆ ಕೊಟ್ಟರೆ 27 ಲಕ್ಷವಾಗುತ್ತದೆ. ಶಿವಮೊಗ್ಗದಲ್ಲಿ ನೀವೂ ಇನ್ನು ಮೂವರೂ ಮರ್ಯಾದೆಯಿಂದ ಬದುಕಬಹುದು. ಅದಕ್ಕಿಂತ ದೊಡ್ಡದಾಗಬೇಕೆಂದರೆ ಅಡಿಕೆಯ ಆಚೆಗೆ, ಮೆಣಸು, ಶುಂಠಿ, ಒಣಮೆಣಸಿನಕಾಯಿ ವರ್ತಕರತ್ತ ಹೋಗಬೇಕಾಗುತ್ತದೆ. ಆದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ನಿಮ್ಮ ಲೆಕ್ಕಕ್ಕೆ ಸೇರಿಸಬೇಡಿ. 2022ರಲ್ಲಿ ಕೇಂದ್ರ ಸರ್ಕಾರ 63,000 ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ದೇಶಕ್ಕೆಲ್ಲ ಸಮಾನವಾದ ತಂತ್ರಾಂಶ ನಬಾರ್ಡ್ ಮೂಲಕ ಬರುತ್ತಿದೆ. ಹಾಗೆಯೇ ಆನ್‌ಲೈನ್ ಟೆಂಡರಿನ ಭಾಗವೂ ನಿಮ್ಮದಲ್ಲ. ಅದು ಏಕೀಕೃತ ಮಾರುಕಟ್ಟೆ ವೇದಿಕೆಯಲ್ಲಿ ನಡೆಯುತ್ತದೆ. ಟೆಂಡರ್ ಮುಗಿದ ಮೇಲೆ ರೈತರಿಗೂ ಮಂಡಿಗೂ ನಡುವೆ ಉಳಿಯುವ ಲೆಕ್ಕ ಯಾವುದಿದೆಯೋ ಅದನ್ನು ಬೇರೆ ಯಾರೂ ಮುಟ್ಟಿಲ್ಲ, ಅದನ್ನು ಹಿಡಿದುಕೊಳ್ಳಿ.

ಕೊನೆಯದಾಗಿ ಒಂದು ತಾಂತ್ರಿಕ ಸಲಹೆ. ಎಲ್ಲವನ್ನೂ ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ತಲುಪುವ ದೂರದ ಕಂಪ್ಯೂಟರಿನಲ್ಲಿ, ಇಡಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟೂ ಇಂಟರ್ನೆಟ್ಟೂ ಯಾವಾಗ ಹೋಗುತ್ತವೆಂದು ಹೇಳಲಾಗದು. ದತ್ತಾಂಶ ಮಂಡಿಯ ಕಂಪ್ಯೂಟರಿನಲ್ಲಿಯೇ ಇರಲಿ, ಸಂಪರ್ಕ ಸಿಕ್ಕಾಗ ಅದರ ಪ್ರತಿ ಅಲ್ಲಿಗೆ ಹೋಗಲಿ. ರೈತರು ಹೊರಗೆ ಜೀಪು ನಿಲ್ಲಿಸಿಕೊಂಡು ಪಟ್ಟಿಗಾಗಿ ಕಾಯುತ್ತಿರುವಾಗ ಪರದೆಯ ಮೇಲೆ ಚಕ್ರ ತಿರುಗುತ್ತ ನಿಂತರೆ ಮರುದಿನ ಮತ್ತೆ ಕೈಬರಹದ ಪುಸ್ತಕ ಮೇಜಿನ ಮೇಲಿರುತ್ತದೆ.

ಲೆಕ್ಕಪತ್ರ (ಉತ್ತರ)

ನಾನು ಲೆಕ್ಕಪರಿಶೋಧಕಿ. ಸಣ್ಣ ತಂತ್ರಾಂಶ ಕಂಪನಿಗಳ ಲೆಕ್ಕ ಮತ್ತು ನೋಂದಣಿಯ ಕೆಲಸ ಮಾಡುತ್ತೇನೆ. ಹುಬ್ಬಳ್ಳಿಯವರು ವ್ಯವಹಾರದ ಬಗ್ಗೆ ಹೇಳಿದ್ದಕ್ಕೆ ನಾನು ಸೇರಿಸುವುದೇನಿಲ್ಲ. ಕಾಗದಪತ್ರಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಸಂಸ್ಥೆಯ ನೋಂದಣಿಗಿಂತ ಮೊದಲು ನಿಮ್ಮ ಈಗಿನ ಕಂಪನಿಯ ನೇಮಕಾತಿ ಒಪ್ಪಂದವನ್ನು ಹೊರತೆಗೆದು ಓದಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ವರ್ಗಕ್ಕೆ ಸೇರುತ್ತದೆ. ನೌಕರಿಯ ಭಾಗವಾಗಿ ಬರೆದ ಕೃತಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, 17ನೇ ಸೆಕ್ಷನ್ ಪ್ರಕಾರ ಮಾಲೀಕರೇ ಮೊದಲ ಹಕ್ಕುದಾರರು. ನೀವು ರಜಾದಿನಗಳಲ್ಲಿ, ನೌಕರಿಗೆ ಸಂಬಂಧವಿಲ್ಲದ ವಿಷಯದಲ್ಲಿ ಬರೆದಿದ್ದೀರಿ, ನಿಜ. ಆದರೆ ಕೆಲವು ಒಪ್ಪಂದಗಳಲ್ಲಿ ನೌಕರಿಯ ಅವಧಿಯಲ್ಲಿ ಬರೆದದ್ದೆಲ್ಲವೂ ಕಂಪನಿಯದು ಎಂಬ ವಿಸ್ತಾರವಾದ ವಾಕ್ಯವಿರುತ್ತದೆ, ಬೇರೆ ಆದಾಯದ ಕೆಲಸ ಮಾಡಬಾರದೆಂಬ ಷರತ್ತಂತೂ ಬಹಳ ಕಡೆ ಇರುತ್ತದೆ. ಕಂಪನಿಯ ಲ್ಯಾಪ್‌ಟಾಪ್ ಬಳಸಿದ್ದರೆ ತೊಡಕು ಹೆಚ್ಚು. ಮಾನವ ಸಂಪನ್ಮೂಲ ವಿಭಾಗಕ್ಕೆ ವಿಷಯ ತಿಳಿಸಿ, ಆಕ್ಷೇಪಣೆ ಇಲ್ಲವೆಂಬ ಪತ್ರವನ್ನು ಲಿಖಿತವಾಗಿ ಪಡೆಯಿರಿ. ಆ ಪತ್ರ ಸಿಗುವವರೆಗೆ ಯಾರಿಂದಲೂ ಹಣ ಪಡೆಯಬೇಡಿ. ಬಿಟ್ಟ ಮೇಲೆ ಇಂತಿಷ್ಟು ವರ್ಷ ಸ್ಪರ್ಧಿ ವ್ಯವಹಾರ ಮಾಡಬಾರದೆಂಬ ಷರತ್ತಿದ್ದರೆ ಅದಕ್ಕೆ ಅಷ್ಟಾಗಿ ಅಂಜಬೇಕಿಲ್ಲ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ವೃತ್ತಿಯನ್ನು ನಿರ್ಬಂಧಿಸುವ ಕರಾರುಗಳನ್ನು ಅನೂರ್ಜಿತವೆನ್ನುತ್ತದೆ.

ಗೆಳೆಯರ ವಿಷಯ. ಅರ್ಧ ಪಾಲನ್ನು ಇಂದೇ ಕೊಟ್ಟು, ಅವರು ಎಂಟು ತಿಂಗಳಲ್ಲಿ ಬೇರೆ ನೌಕರಿಗೆ ಹೋದರೆ, ಅರ್ಧ ಕಂಪನಿ ಅವರ ಬಳಿಯೇ ಉಳಿಯುತ್ತದೆ. ಪಾಲು ನಾಲ್ಕು ವರ್ಷಗಳಲ್ಲಿ ಹಂತ ಹಂತವಾಗಿ ದಕ್ಕಬೇಕು, ಮೊದಲ ಒಂದು ವರ್ಷ ಪೂರೈಸದಿದ್ದರೆ ಏನೂ ದಕ್ಕಬಾರದು ಎಂದು ಬರೆಯುವುದು ಈ ಕ್ಷೇತ್ರದ ರೂಢಿ. ಈ ಷರತ್ತು ನಿಮಗೂ ಅನ್ವಯಿಸಲಿ, ಆಗ ಗೆಳೆತನಕ್ಕೆ ಧಕ್ಕೆಯಾಗುವುದಿಲ್ಲ. ಇನ್ನೊಂದು ವಿಷಯವನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಕಂಪನಿ ಹುಟ್ಟುವ ಮೊದಲು ನೀವಿಬ್ಬರೂ ಬರೆದ ಕೋಡ್ ತಾನಾಗಿಯೇ ಕಂಪನಿಯದಾಗುವುದಿಲ್ಲ. ಲಿಖಿತ ಹಸ್ತಾಂತರ ಪತ್ರ ಬೇಕು. ಅದರಲ್ಲಿ ಅವಧಿಯನ್ನು ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷವೆಂದು, ಪ್ರದೇಶವನ್ನು ಬರೆಯದಿದ್ದರೆ ಭಾರತಕ್ಕೆ ಸೀಮಿತವೆಂದು ಭಾವಿಸುತ್ತದೆ. ಎರಡನ್ನೂ ಸ್ಪಷ್ಟವಾಗಿ ನಮೂದಿಸಿ.

ಸಂಸ್ಥೆಯ ಬಗೆಯ ಬಗ್ಗೆ: ಒಬ್ಬರೇ ಆರಂಭಿಸುವುದಾದರೆ ಮೊದಲ ವರ್ಷ ಏಕವ್ಯಕ್ತಿ ಮಾಲೀಕತ್ವ, ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ನೋಂದಣಿ ಮತ್ತು ಪ್ರತ್ಯೇಕ ಬ್ಯಾಂಕ್ ಖಾತೆ ಸಾಕು. ಪಾಲುದಾರರು ಬಂದರೆ ಪ್ರೈವೇಟ್ ಲಿಮಿಟೆಡ್ ಮಾಡಿ. ಈಗ ಕನಿಷ್ಠ ಬಂಡವಾಳದ ನಿರ್ಬಂಧವಿಲ್ಲ, ಆದರೆ ವಹಿವಾಟು ಶೂನ್ಯವಾದರೂ ಪ್ರತಿವರ್ಷ ಲೆಕ್ಕಪರಿಶೋಧನೆ ಮತ್ತು ವಾರ್ಷಿಕ ವಿವರಗಳ ಸಲ್ಲಿಕೆ ಕಡ್ಡಾಯ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿ.ಎಸ್.ಟಿ. ನೋಂದಣಿ ಬೇಕಿಲ್ಲ, ದಾಟಿದ ಮೇಲೆ ತೆರಿಗೆ ಶೇ 18. ಬೆಲೆ ಹೇಳುವಾಗಲೇ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಉದ್ಯಮ್ ನೋಂದಣಿಯಿಂದ ಒಂದು ನಿಜವಾದ ಬಲ ಬರುತ್ತದೆ: ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಪಾವತಿಸಬೇಕು. ರೈತರ ಆಧಾರ್ ಪ್ರತಿಗಳನ್ನು ಮಾತ್ರ ನಿಮ್ಮ ಬಳಿ ಇಟ್ಟುಕೊಳ್ಳಬೇಡಿ; 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಪ್ರತ್ಯೇಕ ಕಾಯ್ದೆ ಬಂದಿದೆ, ಅಗತ್ಯವಿಲ್ಲದ ಮಾಹಿತಿ ನಿಮಗೆ ಹೊರೆಯೇ.

ಹಳೆಯ ಓದುಗ (ಉತ್ತರ)

ದೊಡ್ಡವರ ಕಥೆಗಳಿಂದ ಏನು ತೆಗೆದುಕೊಳ್ಳಬೇಕು ಎಂದು ಕೇಳಿದ್ದೀರಿ. ಆ ಕಥೆಗಳನ್ನು ನಾವು ಗೆದ್ದ ತುದಿಯಿಂದ ಹಿಂದಕ್ಕೆ ಓದುತ್ತೇವೆ. ಹುಟ್ಟಿದ ಕಡೆಯಿಂದ ಓದಿದರೆ ಬೇರೆಯೇ ವಿಷಯಗಳು ಕಾಣುತ್ತವೆ.

ನಾರಾಯಣ ಮೂರ್ತಿಯವರು ಮೈಸೂರಿನ ಎನ್.ಐ.ಇ. ಮತ್ತು ಕಾನ್ಪುರದ ಐ.ಐ.ಟಿ.ಗಳಲ್ಲಿ ಓದಿ, ಅಹಮದಾಬಾದಿನ ಐ.ಐ.ಎಂ.ನಲ್ಲಿ ಕಂಪ್ಯೂಟರ್ ವಿಭಾಗದಲ್ಲಿ ದುಡಿದು, ಸಾಫ್ಟ್ರಾನಿಕ್ಸ್ ಎಂಬ ಸ್ವಂತ ಕಂಪನಿ ಆರಂಭಿಸಿ ಅದು ನಡೆಯದಿದ್ದಾಗ ಪುಣೆಯ ಪಟ್ನಿ ಕಂಪ್ಯೂಟರ್ಸ್‌ಗೆ ನೌಕರಿಗೆ ಸೇರಿದವರು. ಇನ್ಫೊಸಿಸ್ ಹುಟ್ಟಿದ್ದು ಅದಾದ ಮೇಲೆ, 1981ರಲ್ಲಿ, ಏಳು ಜನರಿಂದ, ಸುಧಾ ಮೂರ್ತಿಯವರು ಕೊಟ್ಟ 10,000 ರೂಪಾಯಿಗಳಿಂದ. ಸ್ವಂತ ಉದ್ಯಮ ಬಿಟ್ಟು ನೌಕರಿಗೆ ಮರಳಿದ ವರ್ಷಗಳೂ ಆ ದಾರಿಯ ಭಾಗವೇ. ಬೆಂಗಳೂರಿಗೆ ಬಂದದ್ದು 1983ರಲ್ಲಿ. 1990ರಲ್ಲಿ, ಅಂದರೆ ಒಂಬತ್ತು ವರ್ಷ ದುಡಿದ ಮೇಲೂ, ಹತ್ತು ಲಕ್ಷ ಡಾಲರಿಗೆ ಕಂಪನಿಯನ್ನು ಮಾರಿಬಿಡುವ ಪ್ರಸ್ತಾಪದ ಮುಂದೆ ಸಂಸ್ಥಾಪಕರು ಕುಳಿತಿದ್ದರೆಂದು ಮೂರ್ತಿಯವರೇ ಹೇಳಿಕೊಂಡಿದ್ದಾರೆ. ಷೇರುಪೇಟೆಗೆ ಹೋದದ್ದು 1993ರಲ್ಲಿ.

ನಿಮಗೆ ಹೆಚ್ಚು ಹತ್ತಿರವಾದದ್ದು ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದ ಕಥೆ ಎಂದು ನನಗೆ ಅನಿಸುತ್ತದೆ. ಬೆಂಗಳೂರಿನಲ್ಲಿ 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಅದನ್ನು ಆರಂಭಿಸಿದರು. ತಂದೆಯ ಸ್ವಂತ ವ್ಯಾಪಾರದ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ಸಿಗದಿದ್ದಾಗ ಮಗ ಬರೆದದ್ದೇ ಅದರ ಮೂಲ. ಇನ್ನೊಂದೆಡೆ, ಫ್ಲಿಪ್‌ಕಾರ್ಟ್‌ನ ಸಂಸ್ಥಾಪಕರಾದ ಸಚಿನ್ ಮತ್ತು ಬಿನ್ನಿ ಬನ್ಸಾಲ್ ಇಬ್ಬರೂ ದೆಹಲಿ ಐ.ಐ.ಟಿ.ಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿ, ಪದವಿಯಾಗಿ ಎರಡೇ ವರ್ಷಕ್ಕೆ, 2007ರಲ್ಲಿ, ಅಮೆಜಾನ್ ಬಿಟ್ಟು ಪುಸ್ತಕ ಮಾರಲು ಕುಳಿತರು. ಹಾಗಾಗಿ ಇಷ್ಟು ವರ್ಷ ನೌಕರಿ ಮಾಡಿರಲೇಬೇಕೆಂಬ ನಿಯಮವೇನೂ ಇಲ್ಲ. ಆದರೆ ಹೊರಗಿನ ಹೂಡಿಕೆಯ ದೊಡ್ಡ ಹಣದಿಂದ ಬೆಳೆದ ಕಂಪನಿಯ ದಾರಿಯನ್ನು ಮಂಡಿ ತಂತ್ರಾಂಶಕ್ಕೆ ಅಳತೆಗೋಲಾಗಿ ಇಟ್ಟುಕೊಳ್ಳಬಾರದು. ಷೇರು ವ್ಯವಹಾರದ ಕಂಪನಿ ಜಿರೋಧಾ 2010ರಿಂದ ಹೊರಗಿನ ಹೂಡಿಕೆಯನ್ನೇ ಪಡೆಯದೆ ಬೆಂಗಳೂರಿನಲ್ಲಿಯೇ ಬೆಳೆದಿದೆ ಎಂಬುದನ್ನೂ ಎದುರಿಗೆ ಇಟ್ಟುಕೊಳ್ಳಿ.

ಮರಳಿ ನೌಕರಿಗೆ (ಉತ್ತರ)

ನಾನು ಕಂಪನಿ ಮುಚ್ಚಿದವಳು. ಅಂಥವರ ಮಾತೂ ಇಲ್ಲಿ ಇರಬೇಕೆಂದು ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ 2017ರಲ್ಲಿ ಇಬ್ಬರು ಸಹಪಾಠಿಗಳೊಂದಿಗೆ ಶಾಲಾ ವಾಹನಗಳು ಎಲ್ಲಿವೆಯೆಂದು ಪೋಷಕರಿಗೆ ತೋರಿಸುವ ಆ್ಯಪ್ ಆರಂಭಿಸಿದೆ. ಇಪ್ಪತ್ತೆರಡು ಶಾಲೆಗಳು ಬಳಸುತ್ತಿದ್ದವು. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಒಂದೇ ತಿಂಗಳಲ್ಲಿ ನಮ್ಮ ಆದಾಯ ಪೂರ್ತಿ ನಿಂತಿತು. ಇನ್ನೆರಡು ತಿಂಗಳು, ಇನ್ನೆರಡು ತಿಂಗಳು ಎಂದುಕೊಳ್ಳುತ್ತ ನಾನು ಭವಿಷ್ಯನಿಧಿಯನ್ನು ಖಾಲಿ ಮಾಡಿದೆ, ಅಮ್ಮನ ಬಳೆಗಳನ್ನು ಅಡವಿಟ್ಟೆ. ಬರಬೇಕಾಗಿದ್ದ ಹಣದಲ್ಲಿ ದೊಡ್ಡ ಭಾಗ ಒಂದೇ ಗ್ರಾಹಕರ ಬಳಿ ಸಿಕ್ಕಿಕೊಂಡಿತ್ತು, ಅದು ಕೊನೆಗೂ ಬರಲಿಲ್ಲ. ನಾಲ್ವರು ಕೆಲಸಗಾರರ ಸಂಬಳವನ್ನು ಮಾತ್ರ ಬಾಕಿ ಉಳಿಸಲಿಲ್ಲ. ಆ ಒಂದು ವಿಷಯದಲ್ಲಿ ನನಗೆ ಇಂದಿಗೂ ನೆಮ್ಮದಿಯಿದೆ.

ನನ್ನ ವಿನಂತಿ ಇಷ್ಟೇ. ಆರಂಭಿಸುವ ದಿನವೇ, ಉಳಿತಾಯದಲ್ಲಿ ಎಷ್ಟು ಹಣ ಉಳಿದಾಗ ನಿಲ್ಲಿಸುತ್ತೀರಿ ಎಂಬ ಅಂಕಿಯನ್ನು ನಿಮ್ಮ ಹೆಂಡತಿಯವರೊಂದಿಗೆ ಕುಳಿತು ಒಂದು ಕಾಗದದ ಮೇಲೆ ಬರೆಯಿರಿ. ಸೋಲುತ್ತಿರುವಾಗ ಆ ಅಂಕಿಯನ್ನು ನಿರ್ಧರಿಸುವ ಶಕ್ತಿ ಯಾರಿಗೂ ಇರುವುದಿಲ್ಲ. ಮನೆಯ ಒಂದು ವರ್ಷದ ಖರ್ಚು ಪ್ರತ್ಯೇಕವಾಗಿರಲಿ, ಭವಿಷ್ಯನಿಧಿಯನ್ನು ಮುಟ್ಟಬೇಡಿ. ಕಂಪನಿ ನಿಂತ ಮೇಲೂ ವಾರ್ಷಿಕ ವಿವರಗಳ ಸಲ್ಲಿಕೆಯನ್ನು ನಿಲ್ಲಿಸಬೇಡಿ. ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ. ಕಂಪನಿಗಳ ರಿಜಿಸ್ಟರಿನಿಂದ ಕಂಪನಿಯ ಹೆಸರು ತೆಗೆಸಲು ಅರ್ಜಿಯೂ ಶುಲ್ಕವೂ ಇವೆ, ಬಾಕಿ ವಿವರಗಳನ್ನೆಲ್ಲ ಮೊದಲು ಸಲ್ಲಿಸಿರಬೇಕು. ನಮಗೆ ಇದೆಲ್ಲ ಮುಗಿಯಲು 2022 ಬಂತು.

ಮರಳಿ ನೌಕರಿ ಹುಡುಕುವಾಗ ಮೊದಲ ಕೆಲವು ಸಂದರ್ಶನಗಳಲ್ಲಿ ನಾನು ಆ ಮೂರು ವರ್ಷಗಳನ್ನು ತಗ್ಗಿದ ದನಿಯಲ್ಲಿ ವಿವರಿಸಿದೆ, ಎಲ್ಲಿಯೂ ಆಯ್ಕೆಯಾಗಲಿಲ್ಲ. ಆಮೇಲೆ ನಾನು ಕಟ್ಟಿದ್ದೇನು, ಎಷ್ಟು ವಾಹನಗಳ ದತ್ತಾಂಶ ಬರುತ್ತಿತ್ತು, ಕಡಿಮೆ ಸಿಗ್ನಲ್ ಇರುವ ಕಡೆ ಏನು ಮಾಡಿದೆವು ಎಂಬುದನ್ನು ನೇರವಾಗಿ ಹೇಳಲಾರಂಭಿಸಿದೆ. ಈಗಿರುವ ಕೆಲಸ ಸಿಕ್ಕಿದ್ದು ಆ ಕೊನೆಯ ಉತ್ತರದಿಂದ. ಬಳೆಗಳನ್ನು ಕಳೆದ ವರ್ಷ ಬಿಡಿಸಿಕೊಟ್ಟೆ.

ಮಲೆನಾಡಿನ ಗಣಕ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಎರಡು ವಾರಗಳ ನಂತರ ಬರೆಯುತ್ತಿದ್ದೇನೆ, ಏಕೆಂದರೆ ನೀವು ಹೇಳಿದ್ದರಲ್ಲಿ ಕೆಲವನ್ನು ಮಾಡಿ ನೋಡಿಯೇ ಉತ್ತರಿಸಬೇಕೆನಿಸಿತು.

ಬಡ್ಡಿಯ ಲೆಕ್ಕವನ್ನು ಪರಿಶೀಲಿಸಿದೆ. ಒಂದು ಕಡೆ ಫ್ಲೋಟ್ ಇತ್ತು. ಮಾವನವರ ಮಂಡಿಯಲ್ಲಿ ಹನ್ನೊಂದು ರೈತರ ಪಟ್ಟಿಗಳಲ್ಲಿ ಒಂದೊಂದು ರೂಪಾಯಿ ವ್ಯತ್ಯಾಸವಾಗಿತ್ತು. ಅವರಿಗೆಲ್ಲ ತಿಳಿಸಿ ಸರಿಪಡಿಸಿದ್ದೇವೆ. ನೇಮಕಾತಿ ಒಪ್ಪಂದದಲ್ಲಿ ಲೆಕ್ಕಪರಿಶೋಧಕರು ಎಚ್ಚರಿಸಿದ ವಾಕ್ಯವೇ ಇದೆ. ಕಂಪನಿಗೆ ಪತ್ರ ಬರೆದಿದ್ದೇನೆ, ಉತ್ತರಕ್ಕಾಗಿ ಕಾಯುತ್ತಿದ್ದೇನೆ. ಗೆಳೆಯನಿಗೆ ನಾಲ್ಕು ವರ್ಷಗಳ ಷರತ್ತನ್ನು ಹೇಳಿದಾಗ ಯೋಚಿಸಲು ಸಮಯ ಕೇಳಿದ್ದಾನೆ. ನಿಲ್ಲಿಸುವ ಅಂಕಿಯನ್ನು ನಾನೂ ನನ್ನ ಹೆಂಡತಿಯೂ ಬರೆದೆವು. ನಾನು ಹೇಳಿದ ಅಂಕಿಗಿಂತ ಅವಳು ಹೇಳಿದ್ದು ಕಡಿಮೆಯಿತ್ತು, ಅಂದರೆ ನನಗಿಂತ ಹೆಚ್ಚು ಕಾಲ ಪ್ರಯತ್ನಿಸಲು ಅವಳು ಸಿದ್ಧಳಿದ್ದಳು; ಅದು ನನಗೆ ಗೊತ್ತಿರಲಿಲ್ಲ.

ಸದ್ಯಕ್ಕೆ ರಾಜೀನಾಮೆ ಕೊಡುತ್ತಿಲ್ಲ. ಈ ಸುಗ್ಗಿಯಲ್ಲಿ ಮೂರು ವಾರ ರಜೆ ಹಾಕಿ, ಮಾವನವರ ಮಂಡಿಯಲ್ಲಲ್ಲ, ಪಕ್ಕದ ಸಾಲಿನ ಪರಿಚಯವಿಲ್ಲದ ಮಂಡಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕುಳಿತುಕೊಳ್ಳುವುದೆಂದು ನಿಶ್ಚಯಿಸಿದ್ದೇನೆ. ಅಲ್ಲಿನ ಮಾಲೀಕರಿಗೆ ವರ್ಷಕ್ಕೆ 18,000 ಎಂದೆ. ಕಂಪನಿಯ ಪತ್ರ ಬಂದ ಮೇಲೆ ಕೊಡುತ್ತೇನೆ ಎಂದರು, ಆದರೆ ಒಂದು ಷರತ್ತು ಹಾಕಿದ್ದಾರೆ. ಅವರಿಗೆ ಕಾರ್ಬನ್ ಪ್ರತಿ ಬೇಕು, ಹಾಗಾಗಿ ಕಾಗದಕ್ಕೆ ಸೂಜಿಯಿಂದ ಹೊಡೆದು ಅಚ್ಚು ಮಾಡುವ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಬಿಡುವುದಿಲ್ಲವಂತೆ. ನನ್ನ ಕನ್ನಡ ಪಟ್ಟಿ ಅದರಲ್ಲಿ ಮುದ್ರಣವಾಗಲು ಮುಕ್ಕಾಲು ನಿಮಿಷ ಹಿಡಿಯುತ್ತಿದೆ. ಹುಬ್ಬಳ್ಳಿಯವರು ಇದನ್ನು ಹೇಗೆ ನಿಭಾಯಿಸಿದಿರಿ?

ಪಿಗ್ಮಿ ಲೆಕ್ಕ, ಹುಬ್ಬಳ್ಳಿ

ಪ್ರಿಂಟರಿಗೆ ಕನ್ನಡ ಅಕ್ಷರಗಳು ಗೊತ್ತಿಲ್ಲ. ಇಡೀ ಪಟ್ಟಿಯನ್ನು ಅದು ಚಿತ್ರವೆಂದು ತಿಳಿದು ಚುಕ್ಕಿ ಚುಕ್ಕಿಯಾಗಿ ಹೊಡೆಯುತ್ತಿದೆ, ತಡವಾಗುವುದು ಅದರಿಂದ. ಮಂಡಿಯ ಹೆಸರು, ವಿಳಾಸ, ಕಾಲಂಗಳ ತಲೆಬರಹ, ಗೆರೆಗಳು ಎಲ್ಲವನ್ನೂ ಪ್ರೆಸ್ಸಿನಲ್ಲಿ ಮೊದಲೇ ಅಚ್ಚು ಹಾಕಿಸಿದ ಕಾಗದ ಮಾಡಿಸಿ. ತೂಕ, ದರ, ಮೊತ್ತಗಳನ್ನು ಪ್ರಿಂಟರಿನದೇ ಅಂಕಿಗಳಲ್ಲಿ ಕಳುಹಿಸಿ. ರೈತರ ಹೆಸರು ಮತ್ತು ಊರು, ಈ ಎರಡು ಸಾಲುಗಳು ಮಾತ್ರ ಚಿತ್ರವಾಗಿ ಹೋಗಲಿ. ನಮ್ಮಲ್ಲಿ ಹೀಗೆ ಮಾಡಿದ ಮೇಲೆ ಒಂದು ರಸೀದಿಗೆ ಎಂಟು ಸೆಕೆಂಡು ಸಾಕಾಗುತ್ತಿದೆ. ಕಾಗದದ ಅಳತೆಯನ್ನು ಆ ಮಂಡಿಯ ಹಳೆಯ ಪಟ್ಟಿಯ ಅಳತೆಗೇ ಇಡಿ, ಅವರ ಫೈಲಿನಲ್ಲಿ ಅದು ಕೂರಬೇಕು.